ದೊಡ್ಡಮ್ಮನ ಉಗ್ರಾಣ

ಎಲ್ಲರೂ ಅವಳನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದರು, ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರು ಕೂಡ. "ನಾನು ತೊಟ್ಟಿಲಲ್ಲಿದ್ದಾಗಲೇ ದೊಡ್ಡಮ್ಮ ಆಗಿದ್ದೆ ಅನ್ಸುತ್ತೆ ಕಣೇ" ಎಂದು ತಂಗಿಯ ಹತ್ತಿರ ಹೇಳಿಕೊಂಡು ನಗುತ್ತಿದ್ದಳು. ದೊಡ್ಡಾಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಆಯಾ ಆಗಿ ದುಡಿದು, ಸೊಂಟ ಕೈಕೊಟ್ಟ ಮೇಲೆ ಆ ಕೆಲಸ ಬಿಟ್ಟಿದ್ದಳು. ತಂಗಿಯ ಮನೆಯಲ್ಲಿ ಸುಮ್ಮನೆ ಕೂರುವುದು ಅವಳಿಂದಾಗುವ ಮಾತಲ್ಲ. ಮುಚ್ಚಿಹೋಗಿದ್ದ ಶಾಲೆಯೊಂದಕ್ಕೆ ನಗರಸಭೆಯವರು ಸುಣ್ಣ ಬಳಿಸಿ, ಮನೆಯಿಲ್ಲದವರಿಗೆಂದು ಆಶ್ರಯಕೇಂದ್ರ ತೆರೆದಾಗ, ಅದನ್ನು ನೋಡಿಕೊಳ್ಳುವ ಕೆಲಸ ಕೇಳಿಕೊಂಡು ಸೇರಿದಳು.

ಹಾಕಿದ್ದು ನಲವತ್ತು ಮಂಚ, ಮೊದಲ ವಾರ ಬಂದವರು ಏಳೇ ಜನ. ಕೇಂದ್ರದ ಉಸ್ತುವಾರಿ ಹೊತ್ತಿದ್ದ ಅಧಿಕಾರಿ ಬಂದು ಖಾಲಿ ಮಂಚಗಳನ್ನು ನೋಡಿ ಮುಖ ಸಣ್ಣ ಮಾಡಿಕೊಂಡರು. "ಹಾಸಿಗೆ, ಹೊದಿಕೆ, ಬಿಸಿನೀರು ಎಲ್ಲಾ ಕೊಟ್ಟಿದ್ದೀವಿ. ಆದ್ರೂ ಬರಲ್ಲ ಅಂದ್ರೆ ಏನ್ಮಾಡೋದಮ್ಮಾ?"

"ಯಾಕೆ ಬರಲ್ಲ ಅಂತ ಅವರನ್ನ ಯಾರಾದ್ರೂ ಕೇಳಿದ್ರಾ ಸಾರ್?"

ಯಾರೂ ಕೇಳಿರಲಿಲ್ಲ. ಮರುದಿನದಿಂದ ದೊಡ್ಡಮ್ಮನೇ ಹೊರಟಳು. ಬೆಳಗಿನ ಕೆಲಸ ಮುಗಿಸಿ, ಸೊಂಟಕ್ಕೆ ಪಟ್ಟಿ ಬಿಗಿದು, ಸೇತುವೆಯ ಕೆಳಗೆ, ಬಸ್‌ ನಿಲ್ದಾಣದಲ್ಲಿ, ಮಾರುಕಟ್ಟೆಯ ಹಿಂದೆ ಒಬ್ಬೊಬ್ಬರ ಪಕ್ಕ ಕೂತು ಕೇಳಿದಳು. ಕೈಗಾಡಿಯವನಿಗೆ ಗಾಡಿ ಕಳುವಾಗುವ ಭಯ. ಅಂಗಳದಲ್ಲಿ ಸರಪಳಿ ಹಾಕಿ ನಿಲ್ಲಿಸಲು ಜಾಗ ಕೊಟ್ಟಳು, ಬಂದ. ಹೂ ಮಾರುವವಳಿಗೆ ತನ್ನ ನಾಯಿಯನ್ನು ಬಿಟ್ಟಿರಲು ಮನಸ್ಸಿಲ್ಲ. ನಾಯಿಗೂ ಜಗಲಿಯಲ್ಲಿ ಗೋಣಿಚೀಲ ಹಾಸಿದಳು, ಇಬ್ಬರೂ ಬಂದರು.

ಛತ್ರಿ ರಿಪೇರಿ ಮಾಡುವ ತಾತ ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಅಂಚೆ ಕಚೇರಿಯ ಪಕ್ಕದ ಮೆಟ್ಟಿಲ ಕೆಳಗೆ ಅವನೂ ಅವನ ಹೆಂಡತಿಯೂ ಒಂಬತ್ತು ವರ್ಷದಿಂದ ಇದ್ದರು. ಅಜ್ಜಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ತಾತ ಛತ್ರಿಯ ಕಡ್ಡಿ ಕಟ್ಟುತ್ತಿದ್ದರೆ ಅವಳು ದಾರದುಂಡೆ ಹಿಡಿದುಕೊಂಡು ಕೂರುತ್ತಿದ್ದಳು.

"ನಿಮ್ಮಲ್ಲಿ ಗಂಡಸ್ರು ಮೇಲೆ, ಹೆಂಗಸ್ರು ಕೆಳಗೆ ಅಂತೆ" ಎಂದ ತಾತ. "ನಾನು ಮೇಲಿದ್ರೆ ಇವಳನ್ನ ಬಚ್ಚಲಿಗೆ ಕರ್ಕೊಂಡು ಹೋಗೋರು ಯಾರು?"

"ನಾನಿದ್ದೀನಲ್ಲ ಯಜಮಾನ್ರೇ."

ಅಜ್ಜಿ ದಾರದುಂಡೆ ಕೆಳಗಿಟ್ಟಳು. "ನೀವು ಒಳ್ಳೇವ್ರು ದೊಡ್ಡಮ್ಮ. ಆದ್ರೆ ಇವರು ಗೊರಕೆ ಹೊಡೀದಿದ್ರೆ ನಂಗೆ ನಿದ್ದೆ ಬರಲ್ಲ. ಎಲ್ಲಿದ್ದಾರೆ ಅಂತ ಗೊತ್ತಾಗ್ಬೇಕಲ್ಲ."

ದೊಡ್ಡಮ್ಮ ವಾಪಸು ಬಂದವಳೇ ಕೆಳಗಿನ ಉಗ್ರಾಣದ ಬಾಗಿಲು ತೆಗೆದಳು. ಒಡೆದ ಬೆಂಚು, ಹಳೆಯ ಕರಿಹಲಗೆ, ಬಕೆಟ್ಟು, ಫಿನಾಯಿಲ್ ಡಬ್ಬ ಎಲ್ಲವನ್ನೂ ತನ್ನ ಕೋಣೆಗೆ ಸಾಗಿಸಿದಳು. ಅವಳ ಕುರ್ಚಿಗೇ ಜಾಗವಿಲ್ಲದಂತಾಯಿತು. ಉಗ್ರಾಣದಲ್ಲಿ ಎರಡು ಮಂಚ ಜೋಡಿಸಿ ತಾತ–ಅಜ್ಜಿಯನ್ನು ಕರೆತಂದಳು.

ಮುಂದಿನ ತಪಾಸಣೆಗೆ ಬಂದ ಅಧಿಕಾರಿಗೆ ಅವಳ ಕೋಣೆಯ ಬಾಗಿಲಲ್ಲೇ ಫಿನಾಯಿಲ್ ಡಬ್ಬ ಕಾಲಿಗೆ ಸಿಕ್ಕಿತು. ವಿಷಯ ತಿಳಿದು ಸಿಟ್ಟಾದರು. "ನಿಯಮ ಅಂತ ಒಂದಿದೆ ಗೊತ್ತಾ? ಗಂಡಸು, ಹೆಂಗಸು ಒಂದೇ ಕೋಣೇಲಿ ಮಲಗೋ ಹಾಗಿಲ್ಲ."

"ನೀವೂ ಅಕ್ಕಾವ್ರೂ ಬೇರೆ ಬೇರೆ ಮಹಡೀಲಿ ಮಲಗ್ತೀರಾ ಸಾರ್?"

ಜೊತೆಗೆ ಬಂದಿದ್ದ ಡ್ರೈವರ್ ಕೆಮ್ಮಿದಂತೆ ಮಾಡಿ ಆಚೆ ಹೋದ. ಅಧಿಕಾರಿ ಉಗ್ರಾಣದೊಳಗೆ ಇಣುಕಿದರು. ತಾತ ಅಜ್ಜಿಯ ತಲೆ ಬಾಚುತ್ತಿದ್ದ. ಸಿಕ್ಕು ಬಿಡಿಸುವಾಗ ನೋವಾಗದಿರಲೆಂದು ಕೂದಲ ಬುಡವನ್ನು ಬೆರಳಲ್ಲಿ ಒತ್ತಿ ಹಿಡಿದಿದ್ದ. ಅಧಿಕಾರಿ ಅದನ್ನು ನೋಡುತ್ತಾ ನಿಂತು, "ಗಾಳಿಗೆ ಒಂದು ಕಿಟಕಿ ಬೇಕಲ್ಲಮ್ಮಾ ಇಲ್ಲಿಗೆ" ಎಂದಷ್ಟೇ ಹೇಳಿ ಹೋದರು. ವಾರದೊಳಗೆ ಕಿಟಕಿ ಬಂತು.

ಎರಡು ವರ್ಷದ ಮೇಲೆ, ನಗರಸಭೆ ಕಟ್ಟಿಸಿದ ಹೊಸ ವಸತಿಯಲ್ಲಿ ಮನೆ ಹಂಚುವ ಪಟ್ಟಿ ಹೊರಬಿತ್ತು. ತಾತ–ಅಜ್ಜಿಯ ಹೆಸರೂ ಇತ್ತು, ಆದರೆ ಗಂಡಸರ ಪಟ್ಟಿಯಲ್ಲಿ ಒಂದು, ಹೆಂಗಸರ ಪಟ್ಟಿಯಲ್ಲಿ ಇನ್ನೊಂದು. ಕುಟುಂಬಕ್ಕೆಂದು ಮನೆ ಸಿಗಬೇಕಾದರೆ ಮದುವೆಯ ಪತ್ರ ಬೇಕಂತೆ.

"ನಲವತ್ತೊಂದು ವರ್ಷ ಜಗಳ ಆಡಿದ್ದೀವಿ, ಅದಕ್ಕಿಂತ ಪತ್ರ ಬೇಕಾ?" ಎಂದಳು ಅಜ್ಜಿ.

ಬೇಕೇ ಬೇಕಾಗಿತ್ತು. ದೊಡ್ಡಮ್ಮ ಇಬ್ಬರನ್ನೂ ನೋಂದಣಿ ಕಚೇರಿಗೆ ಕರೆದುಕೊಂಡು ಹೋದಳು. ಅಲ್ಲಿನ ಗುಮಾಸ್ತ ಇಬ್ಬರು ಸಾಕ್ಷಿ ಬೇಕೆಂದ. ಒಬ್ಬಳು ದೊಡ್ಡಮ್ಮ. ಇನ್ನೊಬ್ಬರಿಗೆ ಏನು ಮಾಡುವುದೆಂದು ಅವಳು ಯೋಚಿಸುತ್ತಿರುವಾಗ, ಮೇಲಿನ ಮಹಡಿಯಿಂದ ಕಡತ ಹಿಡಿದು ಇಳಿದು ಬರುತ್ತಿದ್ದ ಅದೇ ಅಧಿಕಾರಿ ಕಣ್ಣಿಗೆ ಬಿದ್ದರು. ಅವಳು ವಿಷಯ ಹೇಳಿದಳು. ಅವರು ಕಡತವನ್ನು ಕಂಕುಳಿಗೆ ಸಿಕ್ಕಿಸಿ, ಜೇಬಿನಿಂದ ಪೆನ್ನು ತೆಗೆದರು. "ಈ ಮದುವೆಗೆ ನಾನು ಸಾಕ್ಷಿ. ಕಣ್ಣಾರೆ ನೋಡಿದ್ದೀನಿ."

ಅಜ್ಜಿ ಹೆಬ್ಬೆಟ್ಟು ಒತ್ತಿದಳು. ತಾತ ಸಹಿ ಮಾಡುವಾಗ ಮದುಮಗನಂತೆ ನಾಚಿಕೊಂಡ.

ಅವರಿಗೆ ನೆಲಮಹಡಿಯಲ್ಲೇ ಮನೆ ಸಿಕ್ಕಿತು. ಒಂದು ಕೋಣೆ, ಅಡುಗೆಗೆ ಒಂದು ಕಟ್ಟೆ, ಬಚ್ಚಲು. ಮೂರೇ ದಿನದಲ್ಲಿ ಅಜ್ಜಿ ಗೋಡೆ ಸವರಿ ಸವರಿ ಮನೆಯನ್ನೆಲ್ಲ ಅಂಗೈಗೆ ತಂದುಕೊಂಡಳು. ಬಚ್ಚಲಿಗೆ ತಾನೇ ಹೋಗಿಬಂದಳು, ಸ್ಟವ್ ಹಚ್ಚಿ ಚಹಾ ಕಾಸಿದಳು. "ಹೋಗಿ, ಕೆಲಸ ನೋಡ್ಕೊಳ್ಳಿ. ಕಾಲಿಗೆ ಅಡ್ಡ ಬರ್ಬೇಡಿ" ಎಂದು ತಾತನನ್ನು ಹೊರಗಟ್ಟಿದಳು. ಪಾಪ, ಅವನಿಗೆ ದಾರದುಂಡೆ ಹಿಡಿಯುವವರಿಲ್ಲದೆ ಕೆಲವು ದಿನ ಕೈಯೇ ಓಡಲಿಲ್ಲವಂತೆ.

ಖಾಲಿಯಾದ ಉಗ್ರಾಣಕ್ಕೆ ಇನ್ನೊಂದು ಜೋಡಿ ಬಂತು. ಅವರನ್ನು ನೆಲೆಗೊಳಿಸುವ ಗಡಿಬಿಡಿಯಲ್ಲಿ ದೊಡ್ಡಮ್ಮನಿಗೆ ಹೊಸ ಮನೆ ನೋಡಲು ಹೋಗಲು ತಿಂಗಳೇ ಹಿಡಿಯಿತು. ಒಂದು ಭಾನುವಾರ ಮಧ್ಯಾಹ್ನ ಹೋದಳು. ಬಾಗಿಲು ಅರೆತೆರೆದಿತ್ತು, ಅಭ್ಯಾಸದಂತೆ ತಳ್ಳಿಕೊಂಡು ನೇರ ಒಳಗೆ ನಡೆದಳು.

"ಯಾರದು?" ಎಂದಳು ಅಜ್ಜಿ.

"ನಾನಮ್ಮ, ದೊಡ್ಡಮ್ಮ."

"ನೀವಾ? ಬನ್ನಿ ಬನ್ನಿ. ಆದ್ರೆ ಬಾಗ್ಲು ತಟ್ಟಿ ಬರ್ಬೇಕು ತಾಯಿ. ಮನೆ ಇದು."

ದೊಡ್ಡಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಹೊರಗೆ ಹೋಗಿ, ಬಾಗಿಲನ್ನು ಪೂರ್ತಿ ಮುಂದಕ್ಕೆಳೆದುಕೊಂಡು, ಮೂರು ಸಲ ತಟ್ಟಿದಳು.