ಹೋಳು ಯಾರಿಗೆ ಎತ್ತಿಟ್ಟೆ?

ಪ್ರತಿ ಶನಿವಾರ ಸಂಜೆ ಎದುರುಮನೆ ಮೇಡಂ ಮೆಟ್ಟಿಲ ಮೇಲೆ ಕುಳಿತು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಬಲಗಾಲಿಟ್ಟು, ಉಗುರಿಗೆ ಕಡುಗೆಂಪು ಬಣ್ಣ ಹಚ್ಚಿಕೊಳ್ಳುತ್ತಿದ್ದರು. ವಯಸ್ಸು ಅರವತ್ತು ದಾಟಿತ್ತು. ಅಗಲವಾದ ಪಾದ, ಬಿರುಕು ಬಿಟ್ಟ ಹಿಮ್ಮಡಿ, ಪಕ್ಕದ ಬೆರಳಿನ ಮೇಲೆ ಹತ್ತಿ ಕೂತ ಕಿರುಬೆರಳು. ಆ ಕಿರುಬೆರಳನ್ನೂ ಬಿಡದೆ, ನಾಲಗೆಯ ತುದಿ ಹೊರಗೆ ಚಾಚಿಕೊಂಡು ಹಚ್ಚುತ್ತಿದ್ದರು. ಹೂವಿನವಳು ಒಮ್ಮೆ ತಡೆಯಲಾರದೆ, "ಯಾರಿಗ್ ತೋರ್ಸೋಕೆ ಮೇಡಂ ಇದೆಲ್ಲ?" ಅಂದಳು.

"ನಂಗೇ ಕಣೇ. ದಿನಾ ಚಪ್ಲಿ ಹಾಕ್ಕೊಳ್ಳೋವಾಗ ಈ ಕಾಲು ನೋಡೋಳು ನಾನು ತಾನೇ?" ಅಂದರು ಮೇಡಂ, ತಲೆ ಎತ್ತದೆ.

ಮುಳಬಾಗಿಲಿನ ನಮ್ಮ ಬೀದಿಗೆ ಇದು ಜೀರ್ಣವಾಗುತ್ತಿರಲಿಲ್ಲ. ಮೇಡಂ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ಮದುವೆಯಾಗದವರು. ಅವರು ಹಾದುಹೋದ ಮೇಲೆ "ಪಾಪ, ಒಬ್ಬಳೇ" ಎಂದು ಕನ್ನಡದಲ್ಲಿ ಒಬ್ಬರು, "ಪಾಪಂ, ಒಕ್ಕತೇ" ಎಂದು ತೆಲುಗಿನಲ್ಲಿ ಇನ್ನೊಬ್ಬರು ಲೊಚಗುಟ್ಟುತ್ತಿದ್ದರು. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಗಂಡನ ಕೈಲಿ ದಿನಾ ಬೈಸಿಕೊಂಡು ಬದುಕುವವಳನ್ನು ಕಂಡರೆ ಇವರಿಗೆ ಪಾಪ ಅನ್ನಿಸುವುದಿಲ್ಲ. ಭಾನುವಾರ ಬೆಳಿಗ್ಗೆ ಒಬ್ಬಳೇ ಹೋಟೆಲಿಗೆ ಹೋಗಿ, ಮಸಾಲೆ ದೋಸೆಯನ್ನು ನಿಧಾನವಾಗಿ ತಿಂದು, ಎರಡನೇ ಕಾಫಿ ತರಿಸಿಕೊಳ್ಳುವವಳನ್ನು ಕಂಡರೆ ಮಾತ್ರ ಕರುಳು ಚುರ್ ಅನ್ನುತ್ತದೆ.

ಆ ಹೋಟೆಲಿನವನೂ ಕಡಿಮೆಯವನಲ್ಲ. ಹೆಂಗಸೊಬ್ಬಳು ಬೀದಿಗೆ ಕಾಣುವ ಹಾಗೆ ಒಂಟಿಯಾಗಿ ಕೂತರೆ ಅವನಿಗೆ ಕಸಿವಿಸಿ. "ಒಳಗಡೆ ಫ್ಯಾಮಿಲಿ ರೂಮಿದೆ ಮೇಡಂ" ಎಂದು ಪ್ರತಿ ಸಲ ಕೈ ತೋರಿಸುತ್ತಿದ್ದ. "ನಾನು ಫ್ಯಾಮಿಲಿ ಕರ್ಕೊಂಡ್ ಬಂದಿಲ್ವಲ್ಲಪ್ಪ. ಇಲ್ಲಿ ಗಾಳಿ ಚೆನ್ನಾಗಿದೆ" ಎಂದು ಮೇಡಂ ಪ್ರತಿ ಸಲ ಕಿಟಕಿಯ ಟೇಬಲ್ಲಿಗೇ ಹೋಗುತ್ತಿದ್ದರು.

ನಾನು ಅವರ ಎದುರು ಬಾಡಿಗೆಗೆ ಬಂದದ್ದು ವಿಚ್ಛೇದನವಾದ ವರ್ಷ. ಕೋಲಾರದಲ್ಲಿ ಕೆಲಸ; ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಇಳಿಯುವತನಕ ಹೇಗೋ ಆಗುತ್ತಿತ್ತು. ಭಾನುವಾರ ಬಂದರೆ ಮಾತ್ರ ಮನೆಯ ಗೋಡೆಗಳು ಮೈಮೇಲೆ ಬರುತ್ತಿದ್ದವು. ಟಿವಿ ಹಾಕುತ್ತಿದ್ದೆ, ಫೋನ್ ಉಜ್ಜುತ್ತಿದ್ದೆ, ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಿದ್ದೆ. ಇದು ಗೊತ್ತಿದ್ದೇ ನನ್ನ ಸೋದರತ್ತೆ ಮಾಲೂರಿನ ಒಂದು ಸಂಬಂಧ ತಂದರು. ಇಟ್ಟಿಗೆ ಗೂಡಿನ ಯಜಮಾನ, ಹೆಂಡತಿ ತೀರಿಕೊಂಡಿದ್ದಳು. ಹೆಣ್ಣು ನೋಡಲು ಬಂದಾತ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ನಮ್ಮಮ್ಮಂಗೆ ಪಥ್ಯದ ಅಡುಗೆ, ಮಾಡಕ್ಕಾಗುತ್ತಾ?" ನನಗೆ ಏನು ಇಷ್ಟ ಎಂದು ಅವನೂ ಕೇಳಲಿಲ್ಲ, ಕೇಳಬೇಕಿತ್ತು ಎಂದು ಅತ್ತೆಗೂ ಹೊಳೆಯಲಿಲ್ಲ. ಆದರೂ ನಾನು ಒಪ್ಪುವವಳಿದ್ದೆ. ಭಾನುವಾರ ಸಂಜೆ ಅತ್ತೆಗೆ ಫೋನ್ ಮಾಡಿ ಹೂಂ ಅನ್ನುವುದಷ್ಟೇ ಬಾಕಿ. ವಿಷಯ ಎದುರುಮನೆ ಮೇಡಂಗೂ ಗೊತ್ತಿತ್ತು.

ಆ ಮಧ್ಯಾಹ್ನ ಮೇಡಂ ಮೊಸರಿಗೆ ಹೆಪ್ಪು ಕೇಳಲು ಬಂದರು. ನಾನು ಸಿಂಕಿನ ಮೇಲೆ ಬಗ್ಗಿ, ಮೊಣಕೈತನಕ ರಸ ಸುರಿಸಿಕೊಂಡು, ಮಾವಿನಹಣ್ಣಿನ ವಾಟೆ ಚೀಪುತ್ತಿದ್ದೆ. ಪಕ್ಕದಲ್ಲಿ ತಟ್ಟೆಯಲ್ಲಿ ಎರಡು ಹೋಳು, ಮೇಲೊಂದು ಮುಚ್ಚಳ. ಶ್ರೀನಿವಾಸಪುರದ ಒಳ್ಳೇ ಬಾದಾಮಿ ಹಣ್ಣು. ನಮ್ಮ ಮನೆಗಳಲ್ಲಿ ಹೀಗೇ ಅಲ್ಲವೇ? ಹೋಳು ಗಂಡಸರಿಗೆ, ಮಕ್ಕಳಿಗೆ, ಬಂದವರಿಗೆ; ವಾಟೆ ಮಾತ್ರ ಹಣ್ಣು ಹೆಚ್ಚಿದವಳಿಗೆ. ನಮ್ಮಮ್ಮ ಒಂದು ಹೋಳು ಬಾಯಿಗಿಟ್ಟಿದ್ದನ್ನು ನಾನು ಕಂಡಿಲ್ಲ. "ನಂಗೆ ವಾಟೇನೇ ಇಷ್ಟ" ಅನ್ನುತ್ತಿದ್ದಳು, ನಾವೂ ನಂಬಿದ್ದೆವು.

ಮೇಡಂ ಮುಚ್ಚಳ ಎತ್ತಿ ನೋಡಿದರು.

"ಯಾರಾದ್ರೂ ಬರ್ತಾರಾ?"

"ಇಲ್ಲ."

"ಮತ್ತೆ ಹೋಳು ಯಾರಿಗೆ ಎತ್ತಿಟ್ಟೆ?"

ಇಡೀ ಮನೆಯಲ್ಲಿ ಇದ್ದವಳು ನಾನೊಬ್ಬಳೇ. ಅವರಿಗೆ ಸಿಟ್ಟು ಬಂತು. ನನ್ನ ಮೇಲಲ್ಲ ಎಂದು ಆಮೇಲೆ ಗೊತ್ತಾಯಿತು. ಕೈ ತೊಳೆಸಿ, ಕುರ್ಚಿಯ ಮೇಲೆ ಕೂರಿಸಿ, ತಟ್ಟೆಯನ್ನು ಮುಂದೆ ತಳ್ಳಿದರು.

"ಎಂಥಾ ಮನೆಹಾಳು ಪಾಠ ಹೇಳಿಕೊಟ್ಟಿದಾರೆ ನಿಮಗೆಲ್ಲ. ನಿನ್ನ ಲೆಕ್ಕದಲ್ಲಿ ನೀನೇ ಇಲ್ವಲ್ಲೇ. ಕೂತ್ಕೊಂಡ್ ತಿನ್ನು. ಮೊದ್ಲು ನಿಂಗೆ ನೀನು ಬೇಕಾದೋಳಾಗು. ಆಮೇಲೆ ಆ ಗೂಡಿನವನು ಬೇಕೋ ಬೇಡ್ವೋ ನೋಡು."

ಹೆಪ್ಪು ಮರೆತು ಹೊರಟುಹೋದರು. ನಾನು ಅಳುತ್ತ ಎರಡೂ ಹೋಳು ತಿಂದೆ. ಸಂಜೆ ಅತ್ತೆಗೆ ಫೋನ್ ಮಾಡಿ ಬೇಡ ಅಂದೆ. "ದುರಹಂಕಾರ" ಎಂದು ಅವರು ಫೋನ್ ಕುಕ್ಕಿದರು.

ಇನ್ನು ಮೇಡಂ ಇದ್ದಾರಲ್ಲ ಎಂದುಕೊಂಡು ದಿನಾ ಸಂಜೆ ಅವರ ಮನೆಗೆ ಹೋಗತೊಡಗಿದೆ. ಒಂದು ವಾರ ಸುಮ್ಮನಿದ್ದರು. ಆಮೇಲೆ ಬಾಗಿಲಲ್ಲೇ ನಿಲ್ಲಿಸಿ, "ಇವತ್ತು ಬೇಡ. ನಾನು ನನ್ನ ಪಾಡಿಗಿರ್ಬೇಕು. ನೀನೂ ನಿಮ್ಮನೇಲೇ ಸ್ವಲ್ಪ ಕೂತು ನೋಡು" ಅಂದರು. ಎಷ್ಟು ಕೋಪ ಬಂತೆಂದರೆ ನಾಲ್ಕು ದಿನ ಅವರ ಕಡೆ ತಿರುಗಿಯೂ ನೋಡಲಿಲ್ಲ. ಆದರೆ ಹೋಗಲು ಬೇರೆ ಜಾಗವಿಲ್ಲದೆ ನನ್ನ ಮನೆಯಲ್ಲೇ ಕೂತೆ. ಕೂತು ಕೂತು, ನನಗೆ ಹಳೇ ಹಾಡು ಗುನುಗಲು ಬರುತ್ತದೆ, ಸಾರಿಗೆ ನಾಲ್ಕು ಮೆಣಸು ಜಾಸ್ತಿ ಬೇಕು, ಮಧ್ಯಾಹ್ನದ ನಿದ್ದೆ ನನಗೆ ಪ್ರಾಣ ಎಂಬುದೆಲ್ಲ ಒಂದೊಂದಾಗಿ ಗೊತ್ತಾಯಿತು. ಒಂದು ಭಾನುವಾರ ಯಾರಿಗೂ ಹೇಳದೆ ಆವನಿಯ ಬಸ್ಸು ಹತ್ತಿ, ಬೆಟ್ಟದ ಬಂಡೆಯ ಮೇಲೆ ಚಿತ್ರಾನ್ನದ ಡಬ್ಬಿ ಬಿಚ್ಚಿ ಕೂತಾಗ, ನನಗೆ ನಾನೇ ಒಳ್ಳೇ ಜೊತೆ ಅನ್ನಿಸಿತು.

"ನಿಮಗೆ ಯಾವತ್ತೂ ಬೇಜಾರಾಗೋದೇ ಇಲ್ವಾ ಮೇಡಂ?" ಎಂದು ಒಮ್ಮೆ ಕೇಳಿದ್ದೆ.

"ಆಗ್ದೇ ಏನು? ಜ್ವರ ಬಂದಂಗೆ ಬರುತ್ತೆ, ಹೋಗುತ್ತೆ. ಜ್ವರ ಬಂತು ಅಂತ ಯಾರಾದ್ರೂ ಮದ್ವೆ ಆಗ್ತಾರಾ?"

ಹೋದ ವರ್ಷ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಮೇಡಂ ಏಳಲಿಲ್ಲ. ಸಂಜೆ ಬಾಗಿಲು ತೆಗೆಯದ್ದನ್ನು ಕಂಡು ಹಿತ್ತಿಲ ಬಾಗಿಲಿನಿಂದ ಒಳಗೆ ಹೋದವಳು ನಾನೇ. ಮುಖದಲ್ಲಿ ಸಂಕಟದ ಗುರುತೂ ಇರಲಿಲ್ಲ. ವೈಕುಂಠ ಸಮಾರಾಧನೆಯ ದಿನ ಅವರ ತಮ್ಮ ಊಟ ಹಾಕಿಸಿದರು. ಬದುಕಿದ್ದಾಗ ಒಂದು ದಿನ ಅವರ ಮನೆಯಲ್ಲಿ ಕಾಫಿ ಕುಡಿಯದವರೆಲ್ಲ ಎಲೆಯ ಮುಂದೆ ಕೂತು "ಪಾಪ" ಅಂದರು. ಹೋಳಿಗೆ ಬಡಿಸಿಕೊಂಡು ಮತ್ತೊಮ್ಮೆ "ಪಾಪ" ಅಂದರು. ತಮ್ಮನ ಕಡೆಯ ಪರಿಚಯವೆಂದು ನನ್ನ ಸೋದರತ್ತೆಯೂ ಬಂದಿದ್ದರು. ಎಲ್ಲರಿಗೂ ಕೇಳುವಂತೆ ನನ್ನ ಕಡೆ ತಿರುಗಿ, "ನೋಡಿದ್ಯಾ? ಹೋಗೋವಾಗ ಪಕ್ಕದಲ್ಲಿ ಒಂದು ನರಪಿಳ್ಳೆ ಇರ್ಲಿಲ್ಲ. ಹೀಗೇ ಇರು, ನಿಂಗೂ ಇದೇ ಗತಿ" ಅಂದರು.

ನಾನು ಎಲೆಯನ್ನು ಪಕ್ಕಕ್ಕೆ ಸರಿಸಿದೆ.

"ಹೋಗೋ ಆ ಗಳಿಗೇಲಿ ಯಾರಿದ್ರು ಅಂತ ಎಲ್ರೂ ಕೇಳ್ತೀರ. ಅದಕ್ಕೆ ಮುಂಚೆ ಅಷ್ಟೂ ವರ್ಷ ಹೇಗ್ ಬದುಕಿದ್ರು ಅಂತ ನಿಮ್ಮಲ್ಲಿ ಒಬ್ರೂ ಕೇಳಲಿಲ್ಲ" ಅಂದೆ. ನಾನು ಎದ್ದು ಅತ್ತೆಯ ಮುಂದೆ ಬಗ್ಗಿ ಕಾಲು ಮುಟ್ಟಿದೆ.

"ನಂಗೂ ಇದೇ ಗತಿ ಬರ್ಲಿ ಅತ್ತೆ. ಬಾಯ್ತುಂಬ ಆಶೀರ್ವಾದ ಮಾಡಿ."