ಡಬ್ಬ ತಟ್ಟಿ ನೋಡುತ್ತಿದ್ದ ಮುನಿವೆಂಕಟಪ್ಪಣ್ಣ

ಗಿಡಕ್ಕೆ ನೀರು ಬೇಕೋ ಬೇಡವೋ ಎಂಬುದು ಮುನಿವೆಂಕಟಪ್ಪಣ್ಣನಿಗೆ ತಿಳಿಯುತ್ತಿದ್ದದ್ದು ಕಣ್ಣಿನಿಂದಲ್ಲ, ಕಿವಿಯಿಂದ. ಬೆಳಗ್ಗೆ ಎದ್ದವನೇ ಕಂಬಳಿ ಹೊದ್ದುಕೊಂಡು, ಮನೆ ಮುಂದೆ ಸಾಲಾಗಿ ಇಟ್ಟ ಸೀಮೆಎಣ್ಣೆ ಡಬ್ಬಗಳ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಿದ್ದ. ಒಂದೊಂದು ಡಬ್ಬದ ಹೊಟ್ಟೆಗೂ ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿ ಕೊಡುತ್ತಿದ್ದ. ದಬ್ ಅಂದರೆ ಒಳಗೆ ತೇವ ಇದೆ. ಟಣ್ ಅಂದರೆ ಮಣ್ಣು ಒಣಗಿ ಡಬ್ಬದ ಮೈ ಬಿಟ್ಟಿದೆ. ಹನ್ನೊಂದು ಡಬ್ಬ, ಹನ್ನೊಂದು ಬಿದಿರ ಮೆಳೆ.

ಅದು ಚಿನ್ನದ ಗಣಿಯೊಳಗೆ ಕಲಿತ ಅಭ್ಯಾಸ. ಅಲ್ಲಿ ಕೆಲಸ ಶುರು ಮಾಡುವ ಮೊದಲು ತಲೆ ಮೇಲಿನ ಬಂಡೆಯನ್ನು ಹಾರೆಯಿಂದ ತಟ್ಟಿ ಸದ್ದು ಕೇಳಬೇಕು. ಗಟ್ಟಿ ಸದ್ದು ಬಂದರೆ ಬಂಡೆ ಕಚ್ಚಿಕೊಂಡಿದೆ, ಪೊಳ್ಳು ಸದ್ದು ಬಂದರೆ ಯಾವಾಗ ಬೇಕಾದರೂ ಬೀಳುತ್ತದೆ. ಹದಿನೆಂಟು ವರ್ಷ ಹಾಗೆ ಜೀವ ಉಳಿಸಿಕೊಂಡವನು ಪಾಳಿ ಮುಗಿಸಿ ಮೇಲೆ ಬಂದ ಮೇಲೂ ಬಾಗಿಲು, ಮಡಕೆ, ಕುಂಬಳಕಾಯಿ, ಏನು ಸಿಕ್ಕರೂ ತಟ್ಟುತ್ತಿದ್ದ. "ಸದ್ದು ಸುಳ್ಳೇಳಲ್ಲ ಕಣ್ಲಾ ನಾರಾಣಿ. ಮಖ ಸುಳ್ಳೇಳ್ತದೆ" ಎನ್ನುತ್ತಿದ್ದ. ನಾರಾಣಿ ಎಂದರೆ ನಾನೇ, ಪಕ್ಕದ ಮನೆಯ ನಾರಾಯಣಪ್ಪ. ಎರಡನೇ ಮಹಾಯುದ್ಧ ಶುರುವಾದ ಕಾಲ. ನನಗಾಗ ಇಪ್ಪತ್ತೈದು ವಯಸ್ಸು, ಮದುವೆಯಾಗಿ ವರ್ಷವಾಗಿತ್ತು, ಅಕ್ಷರ ಒಂದೂ ಬರುತ್ತಿರಲಿಲ್ಲ.

ನಮ್ಮ ತಗಡಿನ ಮನೆಗಳ ಸಾಲು ಇದ್ದದ್ದು ಸಯನೈಡ್ ಗುಡ್ಡದ ಬುಡದಲ್ಲಿ. ಚಿನ್ನ ತೆಗೆದ ಮೇಲೆ ಉಳಿದ ಹಿಟ್ಟಿನಂಥ ಮರಳನ್ನು ಅಲ್ಲಿ ಸುರಿಯುತ್ತಿದ್ದರು. ಗಾಳಿ ಎದ್ದರೆ ಅದು ಮುದ್ದೆಯ ಮೇಲೆ, ಹಾಸಿಗೆಯ ಮೇಲೆ, ಕಣ್ಣೊಳಗೆ. ಮುನಿವೆಂಕಟಪ್ಪಣ್ಣನ ಹೆಂಡತಿ ಲಕ್ಷ್ಮಕ್ಕನಿಗೆ ಉಬ್ಬಸ. ಗಾಳಿಯ ದಿನ ಅವಳು ಗೋಡೆ ಹಿಡಿದುಕೊಂಡು ನಿಂತೇ ಉಸಿರು ಎಳೆಯುತ್ತಿದ್ದಳು. ಒಂದು ದಿನ ದೊರೆ ಬಂಗಲೆಯ ಮಾಲಿ ಬೇಲಿಯ ಸಣ್ಣ ಬಿದಿರನ್ನು ಕಿತ್ತು ಮೋರಿ ಪಕ್ಕ ಎಸೆದಿದ್ದ. ಮುನಿವೆಂಕಟಪ್ಪಣ್ಣ ಅದನ್ನು ಹೆಗಲ ಮೇಲೆ ಹಾಕಿಕೊಂಡು ಬಂದ. ಆ ಜಾತಿ ಬಿದಿರು ಬೇರು ಹರಿಸಿಕೊಂಡು ಎಲ್ಲೆಂದರಲ್ಲಿ ಏಳುವುದಿಲ್ಲ, ಕೂತ ಜಾಗದಲ್ಲೇ ಒತ್ತೊತ್ತಾಗಿ ಮೆಳೆ ಕಟ್ಟುತ್ತದೆ. ಪೆನ್ಸಿಲ್ ದಪ್ಪದ ಗಳು, ಆಳೆತ್ತರ, ಮೈತುಂಬ ಎಲೆ. ಮೂರು ವರ್ಷಕ್ಕೆ ಬೇರು ತುಂಬಿ ಡಬ್ಬದ ಪಕ್ಕೆ ಉಬ್ಬುತ್ತದೆ. ಆಗ ಅದನ್ನು ಹೊರಗೆ ಎಳೆದು, ಬಡಗಿಯ ಗರಗಸದಲ್ಲಿ ಮೆಳೆಯನ್ನು ನಡುವೆ ಕುಯ್ದು ಎರಡು ಡಬ್ಬಕ್ಕೆ ಹಾಕುತ್ತಿದ್ದ. ಹೀಗೆ ಹತ್ತು ಹನ್ನೆರಡು ವರ್ಷದಲ್ಲಿ ಒಂದು ಹನ್ನೊಂದಾಯಿತು. ಲಕ್ಷ್ಮಕ್ಕನ ಬಾಗಿಲ ಮುಂದೆ ಹಸಿರು ಗೋಡೆ ನಿಂತಿತು. ಅದರ ಹಿಂದೆ ಕೂತು ಅವಳು ಅವರೆಕಾಯಿ ಸುಲಿಯುತ್ತಿದ್ದಳು, ನಗುತ್ತಲೂ ಇದ್ದಳು.

ಸಾಲಿನವರು ಮೊದಮೊದಲು ಬೈದರು. ಮನೆ ಮುಂದೆ ಚಟ್ಟದ ಗಿಡ ಯಾರಾದರೂ ಬೆಳೆಸುತ್ತಾರಾ ಎಂದು ಮದುವೆಯಾಗಿ ಬಂದ ಹೊಸತರಲ್ಲಿ ನನ್ನ ಹೆಂಡತಿಯೂ ಕೇಳಿದ್ದಳು. ಅವನು ಒಂದು ಗಳು ಬಗ್ಗಿಸಿ ತೋರಿಸಿ, "ಇದ್ರಾಗೆ ಚಟ್ಟ ಕಟ್ಟಿದ್ರೆ ಒಂದು ಬೆಕ್ಕೂ ಮಲಗಾಕಾಗಲ್ಲ ಕಣಮ್ಮ. ನಿನ್ ಗಂಡನಂತೂ ಮುದ್ದೆ ತಿಂದು ತಿಂದು ಎಂಗವ್ನೆ ನೋಡು" ಅಂದ. ಅವಳು ಸೆರಗು ಬಾಯಿಗಿಟ್ಟುಕೊಂಡು ಓಡಿದಳು.

ನಾನೂ ಒಂದು ಮೆಳೆ ಕೇಳಿದೆ. ಕೊಟ್ಟ. ಮಣ್ಣಿಗೆ ಬೇತಮಂಗಲದ ಕೆರೆ ಗೋಡೇ, ಕೆರೆ ತಳದ ಹೂಳೇ, ಆಗಬೇಕು, ಡಬ್ಬದ ತಳಕ್ಕೆ ಐದು ತೂತು ಹೊಡೆಯಬೇಕು ಎಂದೂ ಹೇಳಿದ. ಅವನು ರಜೆಯ ದಿನ ತರಕಾರಿ ಗಾಡಿ ಹಿಡಿದು ಹೋಗಿ, ಸಂಜೆ ಗೋಡಿನ ಮೂಟೆ ಹೊತ್ತು ಬರುತ್ತಿದ್ದ. ನನಗೆ ಸೋಮಾರಿತನ. ಗುಡ್ಡದ ಮರಳನ್ನೇ ತುಂಬಿದೆ, ತೂತು ಹೊಡೆಯಲಿಲ್ಲ. ತಿಂಗಳಲ್ಲಿ ಗಿಡ ಸತ್ತಿತು, ಡಬ್ಬ ತೊಳೆಯಲು ನಲ್ಲಿಗೆ ಹೊತ್ತು ತಂದೆ. ಅವನು ನಲ್ಲಿ ಹತ್ತಿರ, ಎಲ್ಲರ ಎದುರು, ನನ್ನ ಡಬ್ಬ ತಟ್ಟಿ ನೋಡಿ, "ಲೇ ನಾರಾಣಿ, ನೀನು ಗಿಡ ನೆಟ್ಟಿಲ್ಲ ಕಣ್ಲಾ, ಊತಿದ್ದೀಯ. ತಿಥಿ ಯಾವಾಗ?" ಎಂದ. ನೀರು ಹಿಡಿಯಲು ನಿಂತಿದ್ದ ಹೆಂಗಸರೆಲ್ಲ ನಕ್ಕರು. ನನ್ನ ಹೆಂಡತಿಯೂ ನಕ್ಕಳು. ಆಮೇಲೆ ವಾರಗಟ್ಟಲೆ ಯಾರು ಸಿಕ್ಕರೂ "ತಿಥಿ ಊಟ ಇಲ್ವಾ ನಾರಾಣಪ್ಪ?" ಅನ್ನುತ್ತಿದ್ದರು. ಅಷ್ಟೇ ಆದದ್ದು. ಇಷ್ಟಕ್ಕೆ ಮನುಷ್ಯ ವಿಷ ಇಟ್ಟುಕೊಳ್ಳುತ್ತಾನಾ ಎಂದು ಯಾರಾದರೂ ಕೇಳಿದರೆ, ನಾನು ಇಟ್ಟುಕೊಂಡೆ.

ಆಗ ಗಣಿಯಿಂದ ಚಿನ್ನದ ಕಲ್ಲು ಕದಿಯುವವರ ಮೇಲೆ ಕಾವಲಿನವರಿಗೆ ಸದಾ ಕಣ್ಣು. ಪ್ರತಿ ಸಾಲಿನಲ್ಲೂ ಸುದ್ದಿ ಕೊಡುವವರನ್ನು ಹುಡುಕುತ್ತಿದ್ದರು. ಒಬ್ಬ ಕಾವಲುಗಾರ ಟೀ ಅಂಗಡಿಯಲ್ಲಿ ನನ್ನ ಪಕ್ಕ ಕೂತ. "ಏಮಯ್ಯಾ, ನಿಮ್ ಸಾಲಾಗೆ ಏನು ವಿಶೇಷ?" ಎಂದ. ಒಂದು ಲೋಟ ಟೀ ಕೊಡಿಸಿದ. ನಾನು ದೊಡ್ಡ ಮನುಷ್ಯನ ಹಾಗೆ ಮೀಸೆ ಒರೆಸಿಕೊಂಡು ಹೇಳಿದೆ:

"ಮುನೆಂಕಟಪ್ಪನ ಡಬ್ಬದಾಗೆ ಬಿದಿರೊಂದೇ ಐತೆ ಅಂತೀರಾ? ಸಂಜೆ ಮೂಟೆ ಒತ್ಕಂಡ್ ಬತ್ತಾನೆ. ಬೆಳಗಾದ್ರೆ ಒಂದೊಂದೂ ತಟ್ಟಿ ತಟ್ಟಿ ನೋಡ್ತಾನೆ. ಗಿಡಾನ ಯಾರಾದ್ರೂ ತಟ್ತಾರಾ?"

ಅವನು ಏಕೆ ತಟ್ಟುತ್ತಾನೆ, ಮೂಟೆಯಲ್ಲಿ ಏನಿದೆ, ಎರಡೂ ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಕಾವಲುಗಾರ ನನ್ನನ್ನು ಠಾಣೆಗೆ ಕರೆದುಕೊಂಡು ಹೋದ. ಇಂಗ್ಲಿಷಿನಲ್ಲಿ ಬರೆದ ಕಾಗದದ ಮೇಲೆ ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡರು. ಓದಲು ಬರುತ್ತಿರಲಿಲ್ಲ, ಏನು ಬರೆದರೋ ತಿಳಿಯದೆ ಒತ್ತಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಕಾಗದ ಅವರದ್ದು ನಿಜ, ಹೇಳಿದ ಬಾಯಿ ನನ್ನದು.

ಮಾರನೆಯ ಬೆಳಗ್ಗೆ ಕಾವಲಿನವರು ಬಂದರು. ಹನ್ನೊಂದು ಡಬ್ಬಗಳನ್ನೂ ಹಾರೆಯಿಂದ ಸೀಳಿ, ಮೆಳೆಗಳನ್ನು ಒದರಿ, ಬೇರು ಬೇರೆ ಮಾಡಿ, ಮಣ್ಣು ಜರಡಿ ಹಿಡಿದರು. ಗೋಡು ಸಿಕ್ಕಿತು, ಎರೆಹುಳು ಸಿಕ್ಕವು. ಆದರೂ ಮುನಿವೆಂಕಟಪ್ಪಣ್ಣನನ್ನು ಕರೆದುಕೊಂಡು ಹೋಗಿ ಎರಡು ದಿನ ಕೂರಿಸಿಕೊಂಡರು. ಕಡು ಬೇಸಿಗೆ. ಬೇರುಗಳು ಬಿಸಿಲಲ್ಲಿ ಬಿದ್ದಿದ್ದವು. ಲಕ್ಷ್ಮಕ್ಕ ನನ್ನ ಬಾಗಿಲಿಗೆ ಬಂದು, "ನಾರಾಣಪ್ಪ, ಒಂದ್ ಕೊಡ ನೀರು ಉಯ್ಯಪ್ಪ. ನಂಗೆ ಎತ್ತಾಕಾಗಲ್ಲ" ಎಂದಳು. ಪಾಳಿಗೆ ಹೊತ್ತಾಯಿತು ಎಂದೆ. ಹೊತ್ತಾಗಿರಲಿಲ್ಲ. ಯಾರಾದರೂ ನೋಡಿದರೆ ಎಂಬ ಹೆದರಿಕೆ, ಅಷ್ಟೇ. ಅವಳು ಒಂದು ಚೊಂಬು ತಂದು, ಕೈಗೆಟುಕಿದ ಒಂದೇ ಮೆಳೆಗೆ ಸುರಿದು, ಹಳೇ ಗೋಣಿ ಹೊದಿಸಿ, ಕೆಮ್ಮುತ್ತಾ ಒಳಗೆ ಹೋದಳು.

ಮೂರನೆಯ ದಿನ ಅವನು ವಾಪಸ್ಸು ಬಂದ. ಗಣಿಯಲ್ಲಿ ಹೆಸರು ತೆಗೆದುಹಾಕಿದ್ದರು, ಅನುಮಾನ ಬಿದ್ದವನು ಒಳಗೆ ಇಳಿಯುವ ಹಾಗಿಲ್ಲ. ನಾನು ಆಗ ಓಡಿ ಹೋದೆ. "ಅಣ್ಣ, ನಾನು ಎತ್ತಿಡ್ತೀನಿ ಬಿಡಣ್ಣ" ಎಂದು ಬೇರಿಗೆ ಕೈ ಹಾಕಿದೆ. ಅವನು ನನ್ನ ಕೈ ನೋಡಿದ. ಹೆಬ್ಬೆಟ್ಟಿನ ಉಗುರಿನ ಸಂದಿಯಲ್ಲಿ ಕಪ್ಪು ಮಸಿ ಹಾಗೇ ಕೂತಿತ್ತು. ಸಂಬಳದ ದಿನ ಎಲ್ಲರ ಹೆಬ್ಬೆಟ್ಟಿಗೂ ಮಸಿಯೇ, ಆದರೆ ಸಂಬಳಕ್ಕೆ ಇನ್ನೂ ಹತ್ತು ದಿನವಿತ್ತು. ಅವನು ನನ್ನ ಕೈಯಿಂದ ಬೇರು ಬಿಡಿಸಿಕೊಂಡ.

"ಕೈ ತೊಳ್ಕಂಡ್ ಬಾ ಓಗು. ಬೇರಿಗೆ ಮಸಿ ಆಗಲ್ಲ."

ನಾನು ತೊಳೆದುಕೊಂಡು ಬಂದೆ. ಇಬ್ಬರೂ ಸೇರಿ ಬೇರುಗಳನ್ನು ಎತ್ತಿಟ್ಟೆವು. ಹತ್ತು ಮೆಳೆ ಸತ್ತವು. ಲಕ್ಷ್ಮಕ್ಕ ಗೋಣಿ ಹೊದಿಸಿದ್ದು ಒಂದೇ ಉಳಿಯಿತು. ಹಸಿರು ಗೋಡೆ ಇಲ್ಲದ ಮನೆಯಲ್ಲಿ ಅವಳ ಉಬ್ಬಸ ಗೋಡೆ ದಾಟಿ ನಮಗೆ ಕೇಳುತ್ತಿತ್ತು. ನನ್ನ ಹೆಂಡತಿ, "ಪಾಪ, ಯಾವ ಮುಂಡೇಗಂಡ ಚಾಡಿ ಏಳಿದ್ನೋ" ಅನ್ನುವಳು. ನಾನು ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ.

ಎರಡು ವಾರಕ್ಕೆ ಅವರು ಬಂಗಾರಪೇಟೆಯ ಆಚೆ ಲಕ್ಷ್ಮಕ್ಕನ ತವರಿಗೆ ಹೊರಟರು. ನಾನು ಗಂಟು ಹೊತ್ತು ಮಾರಿಕುಪ್ಪಂ ಸ್ಟೇಷನ್ನಿಗೆ ಹೋದೆ. ಅವನ ಕೈಯಲ್ಲಿ ಎರಡು ಡಬ್ಬ. ಉಳಿದ ಒಂದು ಮೆಳೆಯನ್ನೂ ಬೆಳಗ್ಗೆ ಗರಗಸದಲ್ಲಿ ಕುಯ್ದಿದ್ದ. ಒಂದನ್ನು ನನ್ನ ಕಾಲ ಬಳಿ ಇಟ್ಟ.

"ಐದು ತೂತು ಒಡೆದಿದ್ದೀನಿ. ಗೋಡೂ ಆಕಿದ್ದೀನಿ. ದಿನಾ ತಟ್ಟಿ ನೋಡು."

"ಅಣ್ಣ..." ಎಂದೆ.

ರೈಲು ಕೂಗಿತು. ಲಕ್ಷ್ಮಕ್ಕ ಹತ್ತಿ ಕೂತಿದ್ದಳು. ಅವನು ಹತ್ತಲಿಲ್ಲ. ನನ್ನ ಹತ್ತಿರ ಬಂದು, ಬೆರಳಿನ ಗೆಣ್ಣಿನಿಂದ ನನ್ನ ಎದೆಗೆ ಎರಡು ಸಲ ತಟ್ಟಿ, ಡಬ್ಬಕ್ಕೆ ಕೊಡುತ್ತಿದ್ದ ಹಾಗೆ ಕಿವಿ ಕೊಟ್ಟು ನಿಂತ. ಹೇಳು ಎಂದು ಕಾಯುತ್ತಿದ್ದಾನೆ ಎಂಬುದು ನನಗೆ ಗೊತ್ತಾಯಿತು. 'ನಾನೇ, ಅಣ್ಣ' ಅಂದಿದ್ದರೆ ಸಾಕಿತ್ತು, ಎರಡೇ ಮಾತು. ನಾನು ಬಗ್ಗಿ ಡಬ್ಬದ ಎಲೆ ಸರಿ ಮಾಡಿದೆ.

ಅವನು ಇನ್ನೂ ಸ್ವಲ್ಪ ಕಾದ. ಆಮೇಲೆ ಹತ್ತಿಕೊಂಡ.

ಮತ್ತೆ ಅವನನ್ನು ನೋಡಲಿಲ್ಲ. ನಲವತ್ತು ದಾಟಿದ ಮೇಲೆ ಅಕ್ಷರ ಕಲಿತೆ. ಮೊದಲ ಕಾಗದ ಅವನಿಗೇ ಬರೆದೆ. ವಿಳಾಸದಾರರು ತೀರಿಹೋಗಿದ್ದಾರೆ ಎಂದು ಮೇಲೆ ಬರೆದು ಅಂಚೆಯವರು ಅದನ್ನು ವಾಪಸ್ಸು ಕಳಿಸಿದರು. ಓದಲು ಬರುತ್ತಿತ್ತಲ್ಲ, ಓದಿಕೊಂಡೆ.