ಚಿನ್ನಮ್ಮನ ತೋಟದ ಉಸಿರು

ಬೆಳಗಿನ ಸೊಪ್ಪು ಕೊಯ್ಯಲು ಬಂದ ಚಿನ್ನಮ್ಮ ಕುಡುಗೋಲನ್ನು ಪಕ್ಕಕ್ಕಿಟ್ಟು ಬದುವಿನ ಮೇಲೆ ಕುಳಿತುಬಿಟ್ಟಳು. ವಯಸ್ಸು ಐವತ್ತೆಂಟು. ಸಾತನೂರಿನ ಬಳಿಯ ಆ ಮುಕ್ಕಾಲು ಎಕರೆ ಹಿಪ್ಪುನೇರಳೆಯನ್ನು ಒಂದೊಂದು ಕಡ್ಡಿಯಾಗಿ ತಾನೇ ನೆಟ್ಟು, ಇಪ್ಪತ್ತೆರಡು ವರ್ಷಗಳಿಂದ ರೇಷ್ಮೆಹುಳಕ್ಕೆ ಮೇವು ಹೊತ್ತವಳು. ಮೈಯ ದಣಿವು ಅವಳಿಗೆ ಹೊಸದಲ್ಲ. ಇವತ್ತು ಅವಳನ್ನು ಕೂರಿಸಿದ್ದು ಸೊಪ್ಪು. ಗಿಡದ ಕೆಳಗಿನ ಎಲೆಗಳ ಅಂಚೆಲ್ಲ ಹಂಚಿನ ಮೇಲೆ ಸೀದ ರೊಟ್ಟಿಯಂತೆ ಕಂದಿಹೋಗಿತ್ತು. ಅಂಥದನ್ನು ಹಾಕಿದರೆ ಹುಳು ಮೂಸಿಯೂ ನೋಡುತ್ತಿರಲಿಲ್ಲ. ಹಿಂದಿನ ಬೆಳೆಯ ಗೂಡು ಕೈಗೆ ತೂಕವೇ ಇಲ್ಲದಷ್ಟು ಹಗುರವಾಗಿತ್ತು.

ಪೊಟ್ಯಾಷ್ ಸಾಲದೆ ಹೋದರೆ ಅಂಚು ಹೀಗೆ ಸುಡುತ್ತದೆಂದು ಗೊಬ್ಬರದಂಗಡಿಯವನು ಹೇಳಿದ್ದ. ಒಮ್ಮೆ ಹಾಕಿದಳು. ತಿಂಗಳು ಬಿಟ್ಟು ಇನ್ನೊಮ್ಮೆ ಹಾಕಿದಳು. ಅಂಚು ಸುಡುತ್ತಲೇ ಇತ್ತು.

"ಸಾಕು ಕಣಮ್ಮಿ, ಕಿತ್ತಾಕುಸ್ಬುಡವ," ಎಂದಿದ್ದ ಗಂಡ ಗಂಗಹನುಮಯ್ಯ. "ಬುಧುವಾರ ಜೆಸಿಬಿ ಬತ್ತದೆ. ತೆಂಗು ಇಟ್ರೆ ನಿಂಗೂ ಒಸಿ ಸುಖ."

ಸುಖ ಎಂಬ ಮಾತಿಗೆ ಅವಳ ಮಂಡಿ ಒಪ್ಪಿತ್ತು. ಕಡ್ಡಿ ನೆಟ್ಟ ಕೈ ಒಪ್ಪಿರಲಿಲ್ಲ.

ಭಾನುವಾರ ತಂಗಿಯ ಮಗಳು ರಮ್ಯಾ ಬಸ್ಸಿಳಿದು ನೇರವಾಗಿ ತೋಟಕ್ಕೇ ಬಂದಳು. ಕನಕಪುರದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು ಅವಳು. ಎಲೆಯನ್ನು ಒಂದು ಕ್ಷಣ ನೋಡಿ, ಕುಕ್ಕರಗಾಲಿನಲ್ಲಿ ಕುಳಿತು ಬುಡದ ಮಣ್ಣನ್ನು ಕೆದಕಿದಳು. ಎಳೆಬೇರಿನ ತುದಿ ಕಪ್ಪಾಗಿತ್ತು. ಚರಂಡಿಯ ವಾಸನೆ ಬಂದಿತು.

"ದೊಡ್ಡವ್ವ, ನೀರು ಯಾವಾಗ ಬುಟ್ಟಿದ್ದೆ?"

"ನಾನೆಲ್ಲಿ ಬುಡ್ಲವ್ವ? ಅದೇ ಬುಟ್ಕತದೆ."

ಮೋಟಾರಿಗೆ ಆಟೋ ಸ್ಟಾರ್ಟರ್ ಹಾಕಿಸಿ ಏಳು ವರ್ಷವಾಗಿತ್ತು. ಕರೆಂಟು ಬರುವ ಹೊತ್ತಿಗೆ ಗೊತ್ತುಗುರಿಯಿಲ್ಲದ ಆ ಕಡೆಯಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ. ಕರೆಂಟು ಬಂದರೆ ಮೋಟಾರು ತಾನೇ ಓಡುತ್ತದೆ, ಹೋದರೆ ತಾನೇ ನಿಲ್ಲುತ್ತದೆ. ಮೊದಲೆಲ್ಲ ಉಣ್ಣುವ ತಟ್ಟೆಯನ್ನು ಬಿಟ್ಟೆದ್ದು ಮುಕ್ಕಾಲು ಮೈಲಿ ಓಡುತ್ತಿದ್ದ ಚಿನ್ನಮ್ಮನಿಗೆ ಬಾಳಿನಲ್ಲಿ ದೊರೆತ ಒಂದೇ ಬಿಡುವು ಆ ಪೆಟ್ಟಿಗೆ. ಆದರೆ ತೋಟವಿದ್ದದ್ದು ಕೆರೆಯ ಕೆಳಗಿನ ಜೇಡಿಮಣ್ಣಿನಲ್ಲಿ. ಅಲ್ಲಿ ಬಿದ್ದ ನೀರು ಬೇಗ ಇಂಗುವುದಿಲ್ಲ; ಈ ವರ್ಷ ಕರೆಂಟು ಹೆಚ್ಚು ಹೊತ್ತು ಇರತೊಡಗಿದ ಮೇಲಂತೂ ನಿಂತೇ ಇರುತ್ತಿತ್ತು.

ರಮ್ಯಾ ಬಿಡಿಸಿ ಹೇಳಿದಳು. ಬೇರಿನ ಪ್ರತಿ ಜೀವಕೋಶಕ್ಕೂ ಎಣ್ಣೆಪಸೆಯ ಒಂದು ತೆಳ್ಳನೆಯ ಪೊರೆಯುಂಟು. ಪೊಟ್ಯಾಷ್ ಗೊಬ್ಬರದಲ್ಲಿರುವ ಪೊಟ್ಯಾಸಿಯಂ ತಾನಾಗಿ ಅದನ್ನು ದಾಟಲಾರದು. ಅದಕ್ಕೆಂದೇ ಪೊರೆಯಲ್ಲಿ ಬಾಗಿಲುಗಳಿವೆ. ಒಳಗೆ ಆಗಲೇ ಹೊರಗಿಗಿಂತ ಎಷ್ಟೋ ಪಾಲು ಹೆಚ್ಚು ತುಂಬಿರುವುದರಿಂದ ಬಾಗಿಲಿದ್ದರಷ್ಟೇ ಸಾಲದು. ಕೋಶವು ಮೊದಲು ತನ್ನೊಳಗಿನ ಹುಳಿಯ ಅಂಶವನ್ನು ಹೊರಕ್ಕೆ ದಬ್ಬಬೇಕು. ಅದು ಮರಳಿ ಒಳಗೆ ನುಗ್ಗುವಾಗ ಪೊಟ್ಯಾಸಿಯಮನ್ನೂ ಜೊತೆಗೆ ಎಳೆದು ತರುತ್ತದೆ. ಹೀಗೆ ದಬ್ಬುವುದಕ್ಕೆ ಕಸುವು ಬೇಕು, ಕಸುವಿಗೆ ಉಸಿರು ಬೇಕು. ನೀರು ನಿಂತ ಮಣ್ಣಿನಲ್ಲಿ ಗಾಳಿಯೆಲ್ಲಿ?

"ಏನವ್ವ ಮೇಡಮ್ಮು, ಬೇರ್ಗೂ ಮೂಗೈತಾ?" ಎಂದು ಬದುವಿನ ಮೇಲೆ ನಿಂತಿದ್ದ ಗಂಗಹನುಮಯ್ಯ ನಕ್ಕ.

"ಮೂಗಿಲ್ಲ ದೊಡ್ಡಪ್ಪ, ಉಸ್ರೈತೆ. ನೀವು ಬುಡದಲ್ಲಿ ಹಾಕಿದ್ ಪೊಟ್ಯಾಷ್ ಅಲ್ಲೇ ಐತೆ. ಒಳೀಕ್ ತಕಳಾಕೆ ಬೇರ್ಗೆ ಶಕ್ತಿ ಇಲ್ಲ."

"ಕೆಳ್ಗಿನ್ ಎಲೇನೇ ಯಾಕವ್ವ ಸುಡದು?" ಚಿನ್ನಮ್ಮ ಕೇಳಿದಳು.

"ಚಿಗುರಿಗೆ ಸಾಲ್ದೆ ಹೋದ್ರೆ ಹಳೇ ಎಲೆ ತನ್ ಪಾಲನ್ನೇ ಮೇಲಕ್ಕೆ ಕಳಿಸ್ತದೆ, ದೊಡ್ಡವ್ವ."

ಚಿನ್ನಮ್ಮ ಆ ಎಲೆಯನ್ನು ಬೆರಳಲ್ಲಿ ಸವರಿದಳು. "ಅಂದ್ರೆ ಗಿಡಾನೂ ದುಡ್ದು ದುಡ್ದು ಸಾಕಾಗೈತೆ ಅನ್ನು."

ಅದಕ್ಕೆ ಮದ್ದು ಒಂದೇ ಇತ್ತು. ಪೆಟ್ಟಿಗೆಯ ಗುಂಡಿಯನ್ನು ತಿರುಗಿಸಿ ಆಟೋ ನಿಲ್ಲಿಸಬೇಕು; ಮಣ್ಣಿಗೆ ಬೆರಳಿಟ್ಟು ನೋಡಿ, ಒಣಗಿದ್ದರೆ ಮಾತ್ರ ಮೋಟಾರು ಹಾಕಬೇಕು. ಎಂದರೆ ಮತ್ತೆ ಅದೇ ಮುಕ್ಕಾಲು ಮೈಲಿ, ಅದೇ ಮಂಡಿ. ಚಿನ್ನಮ್ಮ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ಗುಂಡಿ ತಿರುಗಿಸಿದಳು.

"ಒಂದ್ ಬೆಳೆ ನೋಡವ. ಜೆಸಿಬಿಯೋನ್ಗೆ ಬರಬ್ಯಾಡ ಅನ್ನು," ಎಂದಳು ಗಂಡನಿಗೆ.

ಹುಳುವಿದ್ದಷ್ಟು ದಿನ ಅಂಚು ಸುಟ್ಟ ಎಲೆಗಳನ್ನು ಆರಿಸಿ ಎಸೆದು, ಉಳಿದದ್ದನ್ನೇ ಹಾಕಿ ಹೇಗೋ ಗೂಡು ಕಟ್ಟಿಸಿದಳು. ಬಳಿಕ ಹೊಸ ಚಿಗುರು ಬರಲೆಂದು ಗಿಡಗಳನ್ನು ಬುಡದವರೆಗೆ ಕತ್ತರಿಸಿ, ಸಾಲಿನ ನಡುವೆ ನೀರು ಹರಿದುಹೋಗಲು ಕಾಲುವೆ ತೆಗೆದಳು. ಕರೆಂಟು ಬಂತೆಂದು ಯಾರಾದರೂ ಕೂಗಿದರೆ ತಟ್ಟೆ ಬಿಟ್ಟು ಏಳುವುದು ಮತ್ತೆ ಆರಂಭವಾಯಿತು. ಎಷ್ಟೋ ಸಲ ತೋಟದವರೆಗೆ ಹೋಗಿ, ಮಣ್ಣು ಮುಟ್ಟಿ, ಬೇಡವೆಂದು ಬರಿಗೈಯಲ್ಲಿ ಹಿಂದಿರುಗಿದಳು.

ಗಿಡ ಕತ್ತರಿಸಿದ ಐವತ್ತನೆಯ ದಿನ ಬಗ್ಗಿ ಬುಡದ ಎಲೆಯನ್ನು ಹುಡುಕಿದಳು. ಅಂಚು ತುದಿಯವರೆಗೂ ಹಸಿರಾಗಿತ್ತು. ಸದ್ಯ, ಈ ಸೊಪ್ಪನ್ನು ಹುಳು ತಿಂದಾವು. ನಗಬೇಕೆನಿಸಿದರೂ ಅಷ್ಟು ತ್ರಾಣವಿರಲಿಲ್ಲ. ಅಷ್ಟರಲ್ಲಿ ಬದುವಿನಾಚೆಯಿಂದ ಗಂಗಹನುಮಯ್ಯ ಕೂಗಿದ: "ಕರೆಂಟ್ ಬಂತು ಕಣಮ್ಮಿ!"

ಅವಳು ಎರಡು ಬೆರಳುಗಳನ್ನು ಮಣ್ಣಿಗಿಳಿಸಿದಳು. ಒಳಗೆ ಇನ್ನೂ ತಂಪು ಇತ್ತು.

"ಇವತ್ತು ಬ್ಯಾಡ," ಎಂದು ಕಾಲು ಚಾಚಿ ಕುಳಿತಳು.